ಬೋರ್ಡಿನಲ್ಲಿ ಇಲ್ಲದ ವರ್ಷ

ಫೆಬ್ರವರಿ 11, 2025, ಮಂಗಳವಾರ. ಬೆಳಿಗ್ಗೆ 7

ಪೇಪರು ಓದಿ ಮುಗಿಯಿತು. ಕ್ರೀಡಾಪುಟ ಎರಡು, ಎರಡರಲ್ಲೂ ಕ್ರಿಕೆಟ್. ಕತ್ತರಿಸಿಡಲು ಒಂದು ಸಾಲೂ ಸಿಗಲಿಲ್ಲ.

ನಿನ್ನೆ ಭದ್ರಾವತಿಯಿಂದ ದಿವ್ಯಶ್ರೀ ಬಂದಿದ್ದಳು. ಹೊಳೆದಂಡೆ ಕ್ಲಬ್ಬಿನ ಸ್ಕ್ವಾಷ್ ಕೋರ್ಟ್ ನೋಡಿಕೊಳ್ಳುತ್ತಿದ್ದ ಕಲ್ಲಪ್ಪನ ಮಗಳು. ಈಗ ನಲವತ್ತೈದು. ಎಡ ಮೊಣಕಾಲು ಮಡಿಸಲಾಗದೆ ಕಾಲು ಚಾಚಿಯೇ ಕೂತಳು. ಸದಸ್ಯರು ಬಿಸಾಡಿದ ಸವೆದ ಚೆಂಡುಗಳನ್ನು ಆ ಕೋರ್ಟಿನ ಗೋಡೆಗೆ ಹೊಡೆದು ಕಲಿತವಳು. ಹತ್ತೊಂಬತ್ತಕ್ಕೆ ಚೆನ್ನೈ. ಆಮೇಲೆ ಹನ್ನೊಂದು ವರ್ಷ ವೃತ್ತಿಪರ ಆಟ — ಕ್ವಾಲಾಲಂಪುರ, ಕೈರೋ, ಹಾಂಗ್‌ಕಾಂಗ್. ಪ್ರಾಯೋಜಕರಿಲ್ಲ. ತನ್ನ ರ‍್ಯಾಕೆಟ್ಟಿಗೆ ತಾನೇ ತಂತಿ ಬಿಗಿದುಕೊಂಡು, ಪರಿಚಯದವರ ಮನೆಯ ನೆಲದ ಮೇಲೆ ಮಲಗಿ ಆಡಿದಳು. ಒಂದು ಹಂತದಲ್ಲಿ ಜಗತ್ತಿಗೆ ಅರವತ್ತೆಂಟನೆಯವಳು. ಗಾಂಧಿ ಬಜಾರಿನಲ್ಲಿ ಸೀರೆ ಅಂಗಡಿ ತೆರೆದರೆ ಅರ್ಧ ಪುಟ ಸುದ್ದಿ. ಇವಳು ನಿವೃತ್ತಳಾದಾಗ ನಾಲ್ಕು ಸಾಲು, ಅದರಲ್ಲೂ ಆಟ ಟೆನಿಸ್ ಎಂದು ಅಚ್ಚಾಗಿತ್ತು. ಆ ತುಂಡು ಇನ್ನೂ ನನ್ನ ಫೈಲಿನಲ್ಲಿದೆ.

ಕೇಳುತ್ತಿರುವುದು ಇಷ್ಟೇ: ಆ ಕೋರ್ಟು, ಬೆಳಗಿನ ಎರಡು ಗಂಟೆ. ಹನ್ನೊಂದು ಹುಡುಗಿಯರಿಗೆ ಕಲಿಸಬೇಕಂತೆ. ಸದಸ್ಯರಲ್ಲದವರಿಗೆ ಇಲ್ಲ ಎಂದಿದ್ದಾರೆ. ಆದರೆ ಕ್ಲಬ್ಬಿನ ಪದ್ಧತಿ ನನಗೆ ಗೊತ್ತಿಲ್ಲವೇ? ವಾರ್ಷಿಕ ಪಂದ್ಯ ಗೆದ್ದವರ ಹೆಸರು ಬೋರ್ಡಿಗೆ ಏರುತ್ತದೆ. ಬೋರ್ಡಿಗೆ ಏರಿದವರಿಗೆ ಬದುಕಿರುವ ತನಕ ಕೋರ್ಟಿನ ಹಕ್ಕು. 1996ರಲ್ಲಿ ಗೆದ್ದವಳು ಇವಳು. ಅವಳಿಗೆ ಹದಿನಾರು ವರ್ಷ! ಆಗ ನಾನು ಅಲ್ಲಿನ ಬ್ಯಾಂಕಿನಲ್ಲಿದ್ದೆ, ಕ್ಲಬ್ಬಿನ ಸಹಕಾರ್ಯದರ್ಶಿ. ಸ್ಕೋರ್ ಕೂಗಿದವನೇ ನಾನು.

"ನೀವೊಂದ್ ಮಾತು ಹೇಳಿ ಸಾರ್," ಅಂದಳು.

ಒಂದೇಕೆ, ನೂರು ಹೇಳುತ್ತೇನೆ.

ಫೆ. 13

ಭದ್ರಾವತಿಗೆ ಹೋಗಿ ಬಂದೆ. ಕೋರ್ಟಿನ ತುಂಬ ಪ್ಲಾಸ್ಟಿಕ್ ಕುರ್ಚಿ, ಮದುವೆ ಅಡುಗೆಯ ಕೊಪ್ಪರಿಗೆ. ಮುಂದಿನ ಗೋಡೆಯಲ್ಲಿ ಚೆಂಡಿನ ಕಪ್ಪು ಗುರುತುಗಳು ಹಾಗೇ ಇವೆ. ಅದರ ಮೇಲೆ ಮೊಳೆ ಹೊಡೆದು ಸೀರಿಯಲ್ ಲೈಟಿನ ಸರ ನೇತುಹಾಕಿದ್ದಾರೆ.

ಈಗಿನ ಕಾರ್ಯದರ್ಶಿ ಜ್ಞಾನೇಶ್. ನಗುಮುಖ. ನಗುಮುಖದವರ ಹತ್ತಿರ ಜಗಳವಾಡುವುದೇ ಕಷ್ಟ.

"ರಾಯರೇ, ಬೋರ್ಡ್ ನೋಡಿ. ತೊಂಬತ್ತೈದಿದೆ, ತೊಂಬತ್ತೇಳಿದೆ. ಮಧ್ಯ ಏನೂ ಇಲ್ವಲ್ಲ ಮಾರಾಯ್ರೆ."

"ಯಾಕಿಲ್ಲ ಅಂತಾನೇ ನಾನು ಕೇಳ್ತಿರೋದು."

"ರೆಕಾರ್ಡ್ ಬೇಕಲ್ಲ? ಬಾಯ್ಮಾತಿಗೆ ಹೆಸರು ಬರ್ಸಿದ್ರೆ, ನಾಳೆ ನಮ್ ಅಡುಗೆ ಭಟ್ರೂ ಚಾಂಪಿಯನ್ ಅಂತಾರೆ. ಹಾಗಂತ ದಿವ್ಯಶ್ರೀ ಮೇಡಮ್ಮಿಗೆ ನಾವೇನ್ ಕಮ್ಮಿ ಮಾಡಿದೀವಾ? ರಾಜ್ಯೋತ್ಸವಕ್ಕೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು..."

ಶಾಲು ಹೊದಿಸುವುದು ಸುಲಭ. ಬೀಗ ತೆಗೆಯುವುದು ಕಷ್ಟ.

ಫೆ. 14

ಕ್ಲಬ್ಬಿಗೆ ಪತ್ರ ಬರೆದೆ. ಮೂರು ಪುಟ. ಆ ವರ್ಷದ ನಡಾವಳಿ ಪುಸ್ತಕ ತೆರೆದು ತೋರಿಸಬೇಕೆಂದು ಕೇಳಿದ್ದೇನೆ. 'ಇತಿಹಾಸವನ್ನು ಅಳಿಸಿದ ಕೈ ಯಾರದು?' — ಈ ವಾಕ್ಯ ಚೆನ್ನಾಗಿ ಬಂತು. ಶರಾವತಿಗೆ ಓದಿ ಹೇಳಿದೆ.

"ಬೈಗುಳ ಎರಡನೇ ಪುಟಕ್ಕೇ ಮುಗ್ದಿದೆ ಕಣ್ರೀ," ಅಂದಳು. "ಮೂರನೇದು ಬರೀ ನಿಮ್ಮ ಸಂತೋಷಕ್ಕೆ."

ಹೆಂಡತಿಯಾದವಳು ಗಂಡನ ಪತ್ರಕ್ಕೆ ಸಂಪಾದಕಿಯಾಗಬಾರದು.

ಫೆ. 19. ಮಧ್ಯಾಹ್ನ

ಜ್ಞಾನೇಶ್ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿದ್ದಾನೆ. ನಡಾವಳಿ, 22 ಡಿಸೆಂಬರ್ 1996. ಇಂಗ್ಲಿಷಿನಲ್ಲಿದೆ. ಅರ್ಥ ಇಷ್ಟು: ಎಂಟನೆಯ ಆಟಗಾರರು ಜ್ವರದಿಂದ ಬಾರದ ಕಾರಣ, ಸಿಬ್ಬಂದಿಯೊಬ್ಬರ ಮಗಳನ್ನು ಜಾಗ ತುಂಬಲು ಆಡಿಸಲಾಗಿತ್ತು, ಆದ್ದರಿಂದ ಈ ವರ್ಷದ ಪಂದ್ಯಾವಳಿ ನಡೆದಿಲ್ಲವೆಂದು ಪರಿಗಣಿಸಲಾಗಿದೆ.

ಅಕ್ಷರ ನನ್ನದು. ಸಹಿ ನನ್ನದು.

ಮಾರ್ಚ್ 2, ಭಾನುವಾರ

ಹತ್ತು ದಿನ ಏನೂ ಬರೆಯಲಿಲ್ಲ. ದಿವ್ಯಶ್ರೀ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಯಾರೋ ಹೇಳಿ ಬರೆಸಿರಬೇಕು ಎಂದುಕೊಂಡೆ. ಫೈನಲ್ಲಿನಲ್ಲಿ ಸೋತವರು ಷಡಕ್ಷರಪ್ಪ, ಆಗ ಕಾರ್ಖಾನೆಯ ದೊಡ್ಡ ಅಧಿಕಾರಿ. ಅವರೇ ಇರಬೇಕು. ಇವತ್ತು ಭದ್ರಾವತಿ ಓಲ್ಡ್‌ಟೌನಿನ ಅವರ ಮನೆಗೇ ಹೋದೆ. ಎಂಬತ್ತು ದಾಟಿದೆ. ಕಿವಿ ಚುರುಕಾಗಿದೆ.

"ಸೋತೆ ಕಣ್ರೀ, ಅದ್ರಲ್ಲೇನು ಗುಟ್ಟು? ಎಂಟು-ಎಂಟು ಆದಾಗ ಒಂಬತ್ತಕ್ಕೇ ಮುಗಿಸ್ದೆ ಹತ್ತರ ತನಕ ಆಡಣ ಅಂದಿದ್ದೂ ನಾನೇ. ಎರಡು ಪಾಯಿಂಟೂ ಅವಳೇ ಹೊಡ್ಕೊಂಡ್ಲು. ಮನೇಲಿ ನಮ್ಮವಳು ಒಂದು ವಾರ ನಕ್ಕಳು."

"ಹಂಗಾದ್ರೆ ಬೋರ್ಡಿಗೆ ಬೇಡ ಅಂತ ನೀವು..."

"ನಾನಾ? ಯಾಕ್ರೀ ಬರ್ಸಿಲ್ಲ ಅಂತ ನಿಮ್ಮನ್ನೇ ಕೇಳಿದ್ದೆ. 'ನಿಮ್ಮ ಮರ್ಯಾದೆ ಉಳಿಸಿದೀನಿ ಸಾರ್' ಅಂದ್ರಿ. ನೆನಪಿಲ್ವಾ?"

ಇಲ್ಲ ಅಂದೆ.

ಸುಳ್ಳು. ಅವರು ಅಂದ ಕೂಡಲೇ ಆ ಮಾತು ನೆನಪಾಗಿತ್ತು, ಬಸ್ಸಿನಲ್ಲಿ ಉಳಿದದ್ದೂ ನೆನಪಾಯಿತು. ಕ್ಲಬ್ಬಿನ ಚಾವಣಿ ಸೋರುತ್ತಿತ್ತು, ಕಾರ್ಖಾನೆಯಿಂದ ಶೀಟು ಬರಬೇಕಿತ್ತು, ಅದಕ್ಕೆ ಸಹಿ ಹಾಕಬೇಕಿದ್ದವರು ಷಡಕ್ಷರಪ್ಪ. ಯಾರೂ ಕೇಳಲಿಲ್ಲ, ಯಾರೂ ಹೆದರಿಸಲಿಲ್ಲ. ನಾನಾಗಿಯೇ ಬರೆದೆ. ಸಮಿತಿಯವರು ಗಮನ ಕೊಡದೆ ಒಪ್ಪಿದರು. ಬಾಗಿಲ ಹತ್ತಿರ ಕಲ್ಲಪ್ಪ ಕಾಫಿ ಲೋಟ ಹಿಡಿದು ನಿಂತಿದ್ದ. ಗಟ್ಟಿಯಾಗಿ ಓದಿದೆ. ಇಂಗ್ಲಿಷು, ಅವನಿಗೆ ತಿಳಿಯುವುದಿಲ್ಲ ಎಂದು.

ಊರಿನವರ ಅನ್ಯಾಯಗಳನ್ನು ತಾರೀಖು ಸಮೇತ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಥೂ.

ಮಾರ್ಚ್ 9, ಭಾನುವಾರ. ಸಂಜೆ

ಕ್ಲಬ್ಬಿನ ಸಭೆ. ನಲವತ್ತು ಜನ. ಎದ್ದು ನಿಂತು ಹೇಳಿದೆ: ಪಂದ್ಯ ನಡೆದಿತ್ತು. ಗೆದ್ದವಳು ದಿವ್ಯಶ್ರೀ. ನಡೆದಿಲ್ಲ ಎಂದು ಬರೆದವನು ನಾನು. ಷಡಕ್ಷರಪ್ಪನವರ ಪತ್ರ ಕೊಟ್ಟೆ. ಸ್ಕೋರೂ ಬರೆದಿದ್ದಾರೆ.

ಪತ್ರ ಕೈಯಿಂದ ಕೈಗೆ ಹೋಯಿತು. ಆಮೇಲೆ ಜ್ಞಾನೇಶ್ — "ಆಗಿನ ಕಾಲ ಹಂಗಿತ್ತು ಬಿಡಿ ರಾಯರೇ." ಚಪ್ಪಾಳೆ ಬೇರೆ ತಟ್ಟಿದರು! ಮೈಯೆಲ್ಲ ಉರಿಯಿತು. "ಕಾಲ ಬರೀಲಿಲ್ಲ, ನಾನು ಬರೆದೆ," ಅಂದೆ. ಕೂಗಿದೆ ಅನ್ನಿಸುತ್ತದೆ.

ಠರಾವು ಆಯಿತು. ಬೋರ್ಡಿಗೆ ಹೆಸರು. ನಾಳೆಯಿಂದ ಆರರಿಂದ ಎಂಟು, ಕೋರ್ಟು ಅವಳದ್ದು.

ಹೊರಗೆ ಸ್ಕೂಟರ್ ಪಕ್ಕ ನಿಂತಿದ್ದಳು. ಕ್ಷಮೆ ಕೇಳಲು ಬಾಯಿ ತೆರೆದೆ.

"ಗೊತ್ತಿತ್ತು ಸಾರ್," ಅಂದಳು. "ಅಪ್ಪಂಗೆ ಇಂಗ್ಲಿಷ್ ಬರ್ತಿರ್ಲಿಲ್ಲ. ಆದ್ರೆ ನನ್ನ ಹೆಸರು ಬಂತಾ ಇಲ್ವಾ ಅಂತ ಕೇಳಿಸ್ಕೊಳ್ಳೋಕೆ ಇಂಗ್ಲಿಷ್ ಯಾಕ್ ಬೇಕು? ಅವತ್ತು ರಾತ್ರಿನೇ ಮನೇಲಿ ಹೇಳಿದ್ರು."

"ಮೊದಲ್ನೇ ದಿನಾನೇ ನನ್ ಮುಖಕ್ಕೆ ಹೇಳ್ಬಹುದಿತ್ತಲ್ಲಮ್ಮ?"

"ಹೇಳಿದ್ರೆ ಹುಡುಕ್ತಿದ್ರಾ? ನಿಮ್ದೇ ಸರಿ ಅಂತ ಪೇಪರಿಗೊಂದ್ ಲೆಟರ್ ಬರೀತಿದ್ರಿ." ನಗಲಿಲ್ಲ. ಹೆಲ್ಮೆಟ್ ಹಾಕಿಕೊಂಡಳು. "ನಂಗೆ ನಿಮ್ಮ ಸಾರಿ ಬೇಡ ಸಾರ್. ಕೋರ್ಟ್ ಬೇಕಿತ್ತು."

ಸಿಟ್ಟು ಬಂತು. ಈಗಲೂ ಇದೆ. ಅವಳ ಮಾತು ಸುಳ್ಳಾಗಿದ್ದರೆ ಇಷ್ಟು ಬರುತ್ತಿರಲಿಲ್ಲ.

ಕುರ್ಚಿ, ಕೊಪ್ಪರಿಗೆ ಎಲ್ಲ ಆರರೊಳಗೆ ಹೊರಗೆ ಹಾಕಬೇಕು. ಕ್ಲಬ್ಬಿನವರು ಆಳು ಕಳಿಸುವುದಿಲ್ಲ, ಅವರನ್ನು ಬಲ್ಲೆ. ಎಪ್ಪತ್ತೆರಡಾದರೇನು, ಒಂದೊಂದೇ ಕುರ್ಚಿ ಎತ್ತಬಲ್ಲೆ. ಬರುತ್ತೇನೆಂದು ಅವಳಿಗೆ ಹೇಳಿಲ್ಲ. ಬೇಡ ಅನ್ನಬಹುದು. ಅಂದರೂ ಸರಿ. ಮೊದಲ ಬಸ್ಸು ನಾಲ್ಕೂವರೆಗೆ, ಶರಾವತಿಗೆ ಹೇಳಿ ಅಲಾರಂ ಇಡಿಸಬೇಕು.