ಹರಿಹರದ ಕಂಬದ ಗೆರೆ

ವಿದ್ಯಾನಗರ, ದಾವಣಗೆರೆ
18–2–2025

ಪ್ರೀತಿಯ ನಿಖತ್‌ಗೆ ಅಬ್ಬಾನ ಸಲಾಂ ಮತ್ತು ದುವಾ.

ಕೆಮ್ಮು ಕಡಿಮೆಯಾಯಿತೇ? ಧಾರವಾಡದಲ್ಲಿ ಇನ್ನೂ ಚಳಿ ಇದ್ದರೆ ತಲೆಗೆ ನೀರು ಹಾಕಿಕೊಂಡು ಹಾಗೇ ಲೈಬ್ರರಿಗೆ ಓಡಬೇಡ. ಇದು ನಿನ್ನ ಅಮ್ಮಿಯ ಮಾತು, ನನ್ನದಲ್ಲ. ಪಕ್ಕದಲ್ಲೇ ನಿಂತು ಬರೆಸಿ ಒಳಗೆ ಹೋದಳು. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಫೋನಿನಲ್ಲೇ ಹೇಳೋಣವೆಂದು ನಿನ್ನೆ ಎರಡು ಸಲ ಮಾಡಿ, ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಮುಂದಿನ ವಾರ ನೀನು ಹೊಳೆಯ ಹಳೇ ಮಹಾಪೂರಗಳ ಮೇಲಿನ ಪಿಎಚ್‌ಡಿ ಪ್ರಬಂಧ ಒಪ್ಪಿಸುವವಳು. ಅದರಲ್ಲಿ ನಾನು ತೋರಿಸಿದ ಗೆರೆಯ ಮೇಲೆ ಒಂದಿಡೀ ಅಧ್ಯಾಯ ಇದೆ. ಅದು ನಿಲ್ಲುವುದಿಲ್ಲ, ಮಗಳೇ.

ಮೊನ್ನೆ ಭಾನುವಾರ ಹರಿಹರದಲ್ಲಿ ನನ್ನ ಭಾಷಣವಿತ್ತು. ಅದೇ ‘ನಮ್ಮ ಹಿರಿಯರ ವಿಜ್ಞಾನ’. ನಿವೃತ್ತಿಯಾದಾಗಿನಿಂದ ಲೋಕಿಕೆರೆ, ಕಡರನಾಯಕನಹಳ್ಳಿ ಎಂದು ಸ್ಕೂಟರಿಗೆ ಪ್ರೊಜೆಕ್ಟರ್ ಕಟ್ಟಿಕೊಂಡು ಅಲೆದು ನನಗೇ ಸಾಕುಸಾಕಾಗಿದೆ. ಬಂದವರು ಹದಿನೇಳು ಜನ, ಅದರಲ್ಲಿ ನಾಲ್ವರು ಫ್ಯಾನಿನ ಗಾಳಿಗೆ ಬಂದವರು. ಹೊಳೆದಂಡೆಯ ಹಳೇ ಮಂಟಪದ ಮೂರು ಕಂಬಗಳ ಚಿತ್ರ ಹಾಕಿದೆ. ಮೂರರಲ್ಲೂ ಒಂದೇ ಎತ್ತರಕ್ಕೆ ಕೊರೆದ ಗೆರೆ. ಹಿಂದಿನವರು ಪೂರದ ನೀರನ್ನು ಎಷ್ಟು ಕರಾರುವಾಕ್ಕಾಗಿ ಅಳೆದು ಗುರುತು ಮಾಡಿದ್ದಾರೆ ನೋಡಿ, ಎಂದೆ. ಪ್ರತಿ ಸಲ ಚಪ್ಪಾಳೆ ಬೀಳುವುದು ಇಲ್ಲೇ.

ಈ ಸಲ ಹಿಂದಿನ ಸಾಲಿನಿಂದ ಹೊನ್ನಕ್ಕ ಎದ್ದಳು. ಆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಲೇ ಎಪ್ಪತ್ತು ದಾಟಿದ ಹೆಂಗಸು. ‘ಮೇಷ್ಟ್ರೇ, ಪೂರನೂ ಇಲ್ಲ ಏನೂ ಇಲ್ಲ. ಅದು ನಮ್ಮಪ್ಪ ಕೊರೆದಿದ್ದು. ಬಟ್ಟೆ ಒಣಗಾಕೋ ಹಗ್ಗ ಜಾರಬಾರ್ದು ಅಂತ. ಆ ಉಳಿ ಇನ್ನೂ ನಮ್ ಮನ್ಯಾಗ ಐತೆ, ಬಂದು ನೋಡ್ರಿ’ ಎಂದಳು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ, ಇನ್ನೇನು ಮಾಡಲಿ?

ಆಮೇಲೆ ಆಕೆಯ ಮನೆಯಿಂದ ಆ ಉಳಿ ತೆಗೆದುಕೊಂಡು ಇಬ್ಬರೂ ಮಂಟಪಕ್ಕೆ ಹೋದೆವು. ಉಳಿಯ ಬಾಯಿ ಮೂರೂ ಗೆರೆಗಳಲ್ಲಿ ಸರಿಯಾಗಿ ಕೂತಿತು. ಕಂಬದ ಪಕ್ಕ ನಿಂತು ಕೈ ಎತ್ತಿದೆ, ಗೆರೆ ನನ್ನ ಬೆರಳಿಗೆ ಸಿಕ್ಕಿತು, ಹಗ್ಗ ಕಟ್ಟುವ ಎತ್ತರವೇ. ಅಳತೆ ಕಲಿಸಿಯೇ ಮೂವತ್ತೊಂದು ವರ್ಷ ಸಂಬಳ ತಿಂದವನಿಗೆ ಇಷ್ಟು ಹೊಳೆಯಬಾರದಿತ್ತೇ! ಮನೆಗೆ ಬಂದರೆ ನಿನ್ನ ಅಮ್ಮಿ, ‘ಒಂದ್ ಗೆರೆಗೆ ಯಾಕ ಇಷ್ಟು ಮುಖ ಸಣ್ಣ ಮಾಡ್ಕೊಂಡೀರಿ’ ಎಂದಳು. ಪಾಪ, ಅವಳಿಗೆ ಅಧ್ಯಾಯದ ವಿಷಯ ಗೊತ್ತಿಲ್ಲ.

ನಿನ್ನ ಗೈಡ್‌ಗೆ ಹೇಳಿ ಆರು ತಿಂಗಳು ಕೇಳು. ಜೂನಿನ ಲೆಕ್ಚರರ್ ಕೆಲಸ ಕೈ ತಪ್ಪುತ್ತದೆ, ಗೊತ್ತು. ನಾಚಿಕೆಯಾಗುತ್ತಿದೆ, ನಿನ್ನ ಮುಖ ನೋಡಲು ಭಯವೂ ಆಗುತ್ತಿದೆ. ಅಲ್ಲಾಹ್ ನಿನಗೆ ತಾಳ್ಮೆ ಕೊಡಲಿ, ಆರೋಗ್ಯ ಕೊಡಲಿ.

ನಿನ್ನ ಅಬ್ಬಾ,
ಹಯಾತ್ ಸಾಬ್

ವಿ.ಸೂ.: ಅಂಟಿಸಿದ ಲಕೋಟೆ ಮತ್ತೆ ಹರಿದೆ. ಹೊನ್ನಕ್ಕ ಇದನ್ನು ಹೇಳಿದ್ದು ಮೊನ್ನೆಯದು ಎರಡನೇ ಸಲ. ಮೂರು ವರ್ಷದ ಹಿಂದೆ, ಭಾಷಣ ಮುಗಿಸಿ ನಾನು ವೈರು ಸುತ್ತುತ್ತಿದ್ದಾಗ ಹತ್ತಿರ ಬಂದು ಮೆಲ್ಲಗೆ ಹೇಳಿದ್ದಳು. ಆಯ್ತವ್ವಾ, ನೋಡೋಣ ಎಂದು ಕಳಿಸಿದೆ. ನೋಡಲಿಲ್ಲ. ಮರುತಿಂಗಳು ನೀನು ಆ ಅಧ್ಯಾಯ ಬರೆದು ಫೋನಿನಲ್ಲಿ ಪೂರ್ತಿ ಓದಿ ಹೇಳಿದೆಯಲ್ಲ, ನಾನು ಭೇಷ್ ಎಂದೆ.