ವಾಪಸ್ ಬಂದ ಲೆನ್ಸು

೧೮ ಫೆಬ್ರವರಿ

ಮುದ್ದಿನ ಮಾತಿನಮಲ್ಲಿಗೆ,

ಹೇಗಿದ್ದೀಯ? ಹೊಸ ಮನೆಗೆ ಹೊಂದಿಕೊಂಡೆಯಾ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಿನ್ನ ಪಾರ್ಸೆಲ್ ತಲುಪಿ ತಿಂಗಳಾಯಿತು. ಉತ್ತರ ತಡವಾದದ್ದು ಕೆಲಸದಿಂದಲ್ಲ, ಸಿಟ್ಟಿನಿಂದ. ಈಗ ಸ್ವಲ್ಪ ಇಳಿದಿದೆ, ಪೂರ್ತಿ ಅಲ್ಲ.

'ನಿಮ್ಮ ಮಗನೂ ನಾನೂ ಬೇರೆಯಾದ ಮೇಲೆ ನಿಮ್ಮ ಮನೆಯ ಲೆನ್ಸು ನನ್ನ ಹತ್ತಿರ ಇರುವುದು ಸರಿಯಲ್ಲ' ಎಂದು ಬರೆದಿದ್ದೀಯ. ಅಲ್ಲ ಕಣೇ, ಅದನ್ನು ನಾನು ನನ್ನ ಮಗನ ಹೆಂಡತಿಗೆ ಕೊಟ್ಟಿದ್ದೆನೇ? ಅವನಿಗೆ ಫೋಕಸ್ ರಿಂಗ್ ಯಾವ ಕಡೆ ತಿರುಗುತ್ತದೆ ಎಂದೂ ಗೊತ್ತಿಲ್ಲ. ಸ್ಟುಡಿಯೋದಲ್ಲಿ ನನ್ನ ಪಕ್ಕ ನಿಂತು ಕೆಲಸ ಕಲಿತವಳಿಗೆ ಕೊಟ್ಟದ್ದು. ನೀವಿಬ್ಬರೂ ಬೇರೆಯಾದದ್ದು ನಿಮ್ಮ ವಿಷಯ. ನಾನಂತೂ ಯಾರಿಂದಲೂ ಬೇರೆಯಾಗಿಲ್ಲ.

ಇರಲಿ. ಮೊನ್ನೆ ಪಕ್ಕದ ಬೇಕರಿಯವರು ಫೋಟೋ ತೆಗೆಸಿಕೊಳ್ಳಲು ಬಂದರು. ನಮ್ಮ ದೊಡ್ಡ ಫಿಲ್ಮ್ ಕ್ಯಾಮೆರಾದಲ್ಲೇ ಆಗಬೇಕಂತೆ. ಆ ಲೆನ್ಸನ್ನೇ ಹಾಕಿದೆ. ಗೊತ್ತಲ್ಲ, ಅದರಲ್ಲಿ ಮುಖ ಚೆನ್ನಾಗಿ ಬರಬೇಕಾದರೆ ನಾವು ಹಿಂದೆ ಸರಿದು ನಿಲ್ಲಬೇಕು. ಅಷ್ಟು ದೂರದಲ್ಲಿ ಒಬ್ಬರೇ ಕೂತವರು ಕಂಬವಾಗಿಬಿಡುತ್ತಾರೆ. ನಾನು ಬಗ್ಗಿ, ಗಾಜಿನಲ್ಲಿ ಅವರ ಕಣ್ಣು ಹುಡುಕುತ್ತ ರಿಂಗ್ ತಿರುಗಿಸುತ್ತಿದ್ದವಳು, ಅಭ್ಯಾಸಬಲದಿಂದ "ಲೇ, ಇವರನ್ನ ಸ್ವಲ್ಪ ಮಾತಾಡ್ಸೇ" ಅಂದೆ.

ಅವರು ಹಿಂದೆ ತಿರುಗಿ ನೋಡಿದರು. "ಯಾರಿಗೆ ಹೇಳ್ತಿದೀರಿ?"

"ಯಾರಿಗೂ ಇಲ್ಲ, ಅಲ್ಲಾಡ್ಬೇಡಿ" ಅಂದೆ.

ಫೋಟೋದಲ್ಲಿ ರೆಪ್ಪೆಯ ಕೂದಲು ಒಂದೊಂದೂ ಎಣಿಸಬಹುದು, ಕಿವಿ ಹದವಾಗಿ ಮಸುಕಾಗಿದೆ, ಎಲ್ಲ ಸರಿ. ಅವರು ಮಾತ್ರ ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕೂತಿದ್ದಾರೆ. "ಇದು ನಾನೇನಾ?" ಎಂದು ಕೇಳಿಕೊಂಡು ಹೋದರು, ಪಾಪ. ನೀನಿದ್ದಿದ್ದರೆ ಅವರ ಒಲೆಯ ವಿಷಯ ತೆಗೆದು ಎರಡೇ ನಿಮಿಷಕ್ಕೆ ನಗಿಸಿರುತ್ತಿದ್ದೆ. ನಿನ್ನ ನೆನಪು ತುಂಬ ಬಂತು.

ಲೆನ್ಸನ್ನು ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಬೂಷ್ಟು ಹಿಡಿಸಬೇಡ, ಆಗಾಗ ಬೆಳಕಿಗೆ ಇಡು. ಇನ್ನೊಮ್ಮೆ ವಾಪಸ್ ಬಂತೋ, ನಾನೇ ಹೊತ್ತುಕೊಂಡು ನಿನ್ನ ಬಾಗಿಲಿಗೆ ಬಂದು ಕೂರುತ್ತೇನೆ. ಬಿಡುವಾದಾಗ ಸ್ಟುಡಿಯೋಗೆ ಬಾ. ವಾರದ ದಿನಗಳಲ್ಲಿ ಮಗ ಈ ಕಡೆ ಸುಳಿಯುವುದಿಲ್ಲ.

ಹಿಡಿದ ಕೆಲಸ ಕೈಗೂಡಲಿ, ಮನಸ್ಸು ತಣ್ಣಗಿರಲಿ.

ನಿನ್ನ
ಅತ್ತೆ

ಇನ್ನೊಂದು ಮಾತು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನ ಪತ್ರದ ಮೊದಲ ಸಾಲಿನಲ್ಲಿ 'ಅತ್ತೆ' ಎಂದು ಬರೆದು, ಹೊಡೆದುಹಾಕಿ, 'ಮೇಡಂ' ಎಂದು ಬರೆದಿದ್ದೀಯ. ಹಳೆಯದು ಬಾಯಿಗೆ ಬರದಿದ್ದರೆ ಬೇಡ, ಮುದುಕಿ ಅಂತಲಾದರೂ ಕರಿ. ಮೇಡಂ ಅಂತ ಮಾತ್ರ ಕರೆಯಬೇಡ ಮಗಳೇ.