ಅಳಿವೆ ದಾಟಿದ ವಿಮಾನ

ಪ್ರೀತಿಯ ಅಪ್ಪಯ್ಯ,

ನೀವು ಕಿರಿಮಂಜೇಶ್ವರದ ಮೇಲೆ ನಿಲ್ಲಿಸಿ ಹೋದ ವಿಮಾನದ ಸುದ್ದಿ ಹೇಳಬೇಕು. ಅದಕ್ಕೂ ಮೊದಲು ನನ್ನದೊಂದು ಜಗಳ ಇದೆ. ಆ ಎಂಟು ಕೋಳಿಯ ಕತೆಯನ್ನು ಊರಿಡೀ ಹೇಳಿಕೊಂಡು ಬಂದಿರಲ್ಲ, ತಲ್ಲೂರಿನ ನನ್ನ ಕಂಪ್ಯೂಟರ್ ಅಂಗಡಿಗೆ ಬಂದವರು ಈಗಲೂ ಅದನ್ನೇ ಕೇಳಿ ನಗುತ್ತಾರೆ.

ನೆನಪಿದೆಯಾ? ಗಿರಾಕಿಯೊಬ್ಬರಿಗೆ ಹೊಸ ಕಂಪ್ಯೂಟರ್ ಜೋಡಿಸುತ್ತಿದ್ದೆ. "ಇದ್ರಗೆ ಎಂಟ್ ಕೋರ್ ಇತ್ತ್ ಅಪ್ಪಯ್ಯ" ಎಂದು ಜಂಬದಿಂದಲೇ ಹೇಳಿದೆ. ಮೀನಿನ ಬೋಟಿನಲ್ಲಿ ತುಳು ಮಾತಾಡುವವರ ಜೊತೆ ಅರ್ಧ ಆಯುಷ್ಯ ಕಳೆದವರು ನೀವು. ಕೋರ್ ಎಂದರೆ ನಿಮ್ಮ ಕಿವಿಗೆ ಕೋರಿ, ಕೋರಿ ಎಂದರೆ ಕೋಳಿ. ಪರದೆಯ ಮೇಲೆ ವಿಮಾನ ಹಾರಿಸುವ ನಿಮ್ಮ ಹಳೆಯ ಆಟವನ್ನು ಅದರಲ್ಲಿ ಹಾಕಿ ತೋರಿಸಿದರೆ ಅದು ತಡವರಿಸಿ ತಡವರಿಸಿ ನಿಂತೇಬಿಟ್ಟಿತು. "ಎಂಟ್ ಕೋರಿ ತಿಂದೂ ಇದ್ಕ್ ಹಾರುಕ್ ಆತಿಲ್ಯಾ ಮಗಾ?" ಎಂದಿರಿ. ಮಗಳಾದ ನನ್ನನ್ನು ಮಗಾ ಎಂದೇ ಕರೆಯುವುದು ನಿಮಗೂ ಅಮ್ಮನಿಗೂ ರೂಢಿ. ಕೋರ್ ಎಂದರೆ ಪ್ರೊಸೆಸರಿನೊಳಗೆ ಕೆಲಸ ಮಾಡುವ ಆಳು ಇದ್ದ ಹಾಗೆ, ಹಳೆಯ ಆಟಕ್ಕೆ ಕೆಲಸ ಹಂಚಲು ಬರುವುದಿಲ್ಲ, ಎಲ್ಲವನ್ನೂ ಒಬ್ಬನ ಹೆಗಲಿಗೇ ಹೊರಿಸುತ್ತದೆ ಎಂದು ವಿವರಿಸಿದೆ. "ಸಮಾ ಇತ್ತಲೆ! ಚುಕ್ಕಾಣಿ ಹಿಡುದ್ ಒಬ್ನೇ" ಎಂದು ಆಟದ ಪರವೇ ನಿಂತಿರಿ.

ಬೋಟು ಬಿಟ್ಟ ಮೇಲೆ ನಿಮಗೆ ಆ ಆಟವೇ ಸಮುದ್ರವಾಗಿತ್ತು. ಮಂಗಳೂರಿನಿಂದ ಎದ್ದು, ಕರಾವಳಿ ಹಿಡಿದು ಬೈಂದೂರಿನವರೆಗೆ ಹೋಗಿ ತಿರುಗುವುದು. ಪರದೆಯ ಮೇಲೆ ಇದ್ದದ್ದು ಬರೀ ಹಸಿರು, ಬರೀ ನೀಲಿ. ನೀವು ಮಾತ್ರ "ಬ್ರಹ್ಮಾವರ ಬಂತ್" ಎಂದು ಅಮ್ಮನನ್ನು ಕೂಗಿ ಕರೆಯುತ್ತಿದ್ದಿರಿ. ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹತ್ತದವರು, ಅದೆಲ್ಲ ಹೇಗೆ ಕಾಣುತ್ತಿತ್ತೋ...

ಇಳಿದ ಕೂಡಲೇ ಅದೇ ಹಳೆಯ ಮಾತು: "ಅಳಿವೆ ದಾಟ್ದೆ!" ಬೋಟಿನ ಕಾಲದಲ್ಲಿ, ನದಿ ಕಡಲು ಸೇರುವ ಆ ಅಪಾಯದ ಬಾಯಿ ದಾಟಿ ಒಳಗೆ ಬಂದಾಗ ಫೋನಿನಲ್ಲಿ ನೀವು ಹೇಳುತ್ತಿದ್ದದ್ದು ಅಷ್ಟೇ. ಅದನ್ನು ಕೇಳಿದ ಮೇಲೆಯೇ ಅಮ್ಮ ಬಚ್ಚಲ ಹಂಡೆಗೆ ಬೆಂಕಿ ಹಾಕುತ್ತಿದ್ದಳು. ನಿಮ್ಮ ನೀರು ಬೇರೆ ಯಾರೂ ಕೈಯಿಡಲಾಗದಷ್ಟು ಬಿಸಿ ಇರಬೇಕಿತ್ತು.

ಆಸ್ಪತ್ರೆಗೆ ಹೊರಟ ದಿನವೂ ನೀವು ಕಿರಿಮಂಜೇಶ್ವರದ ಮೇಲೆ ಹಾರುತ್ತಲೇ ಇದ್ದಿರಿ. ರಿಕ್ಷಾ ಬಂದಾಗ ಆಟವನ್ನು ಸೇವ್ ಮಾಡಿಸಿ, "ಇಲ್ಲೇ ಇರ್ಲಿ, ಬಂದ್ ಇಳ್ಸ್ತೆ" ಎಂದಿರಿ. ನೀವು ಬರಲಿಲ್ಲ. ಆ ವಾರದ ಸಿಡಿಲಿಗೆ ನಿಮ್ಮ ಕಂಪ್ಯೂಟರೂ ಸತ್ತಿತು. ನಿಮ್ಮ ಹಾರಾಟ ಸೇವ್ ಆಗಿದ್ದ ಡಿಸ್ಕ್ ಒಂದು ಉಳಿಯಿತು.

ಅಮ್ಮ ಅತ್ತದ್ದು ಕಡಿಮೆ. ಕೇಳಿದ್ದು ಒಂದೇ: "ನಿನ್ ಅಪ್ಪಯ್ಯ ಇನ್ನೂ ಮೇಲೇ ಇದ್ರಾ? ಇಳ್ಸ್ ಮಗಾ." ಆಟದ ಹೊಸ ಆವೃತ್ತಿ ತಂದರೆ ಅದರಲ್ಲಿ ನಿಮ್ಮ ಹಾರಾಟ ತೆರೆಯುವುದಿಲ್ಲ. ಅಂಥದ್ದೇ ಎಂಟು ಕೋರಿನ ಯಂತ್ರವೊಂದನ್ನು ಮನೆಗೆ ತಂದೆ. ಹೊಸ ಆಪರೇಟಿಂಗ್ ಸಿಸ್ಟಂನಲ್ಲಿ ಮೆನು ಮುಟ್ಟಿದರೆ ಸಾಕು, ಆಟ ಮುಚ್ಚಿಕೊಳ್ಳುತ್ತಿತ್ತು. ಹುಡುಕಿ ಹಳೆಯ ಸಿಸ್ಟಂ ಹಾಕಿದೆ. ಆಟ ಮುಚ್ಚಿಕೊಳ್ಳುವುದು ತಪ್ಪಿತು, ಆದರೆ ತಡವರಿಸುವುದು ಹೋಗಲಿಲ್ಲ. ಸಾಕಾಗಿ ಕೂತಿದ್ದಾಗ ನಿಮ್ಮ ಚುಕ್ಕಾಣಿಯ ಮಾತು ನೆನಪಾಯಿತು. ನೋಡಿದರೆ, ಸಿಸ್ಟಂನ ಮನೆಗೆಲಸ ಮಾಡುತ್ತಿದ್ದ ಮೊದಲನೇ ಕೋರಿನ ಮೇಲೆಯೇ ನಿಮ್ಮ ಆಟವೂ ಕೂತಿತ್ತು. ಚುಕ್ಕಾಣಿ ಹಿಡಿದವನ ಕೈಗೇ ಬಲೆಯನ್ನೂ ಕೊಟ್ಟ ಹಾಗೆ! ಆಟವನ್ನು ಅಲ್ಲಿಂದ ಎಬ್ಬಿಸಿ, ಅದಕ್ಕೇ ಅಂತ ಬೇರೊಂದು ಕೋರನ್ನು ಬಿಟ್ಟುಕೊಟ್ಟೆ. ವಿಮಾನ ಎಣ್ಣೆ ಹಚ್ಚಿದಂತೆ ಹೋಯಿತು.

ಇವತ್ತು ಬೆಳಿಗ್ಗೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಹಾರಾಟ ತೆರೆದೆ. ಬಿದ್ದರೆ ಮತ್ತೆ ತೆರೆಯಬಹುದೆಂದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ವಿಮಾನವನ್ನು ಕರಾವಳಿ ಹಿಡಿದು ಮಂಗಳೂರಿಗೆ ತಂದು ಇಳಿಸಿದೆ. ರನ್‌ವೇ ಮುಟ್ಟಿ ಒಮ್ಮೆ ಪುಟಿದು, ಆಮೇಲೆ ನಿಂತಿತು.

"ಅಳಿವೆ ದಾಟ್ರಾ?" ಎಂದಳು.

"ದಾಟ್ರ್ ಅಮ್ಮ."

ಅವಳು ಎದ್ದುಹೋಗಿ ಹಂಡೆಗೆ ಬೆಂಕಿ ಹಾಕಿದಳು. ಆ ನೀರಿನಲ್ಲಿ ನಾನು ಮಿಂದೆ, ಅಪ್ಪಯ್ಯ. ತಣ್ಣೀರು ಬೆರೆಸಲಿಲ್ಲ. ಮೈ ಸುಟ್ಟಿತು. ನಿಮಗೆ ಬೇಕಾದಷ್ಟೇ ಬಿಸಿ ಇತ್ತು.

ನಿಮ್ಮ ಮಗಳು